ಔಷಧಿ ಮೊದಲು, ಸರ್ಟಿಫಿಕೇಟು ಆಮೇಲೆ: ಯರವಡಾ ಜೈಲಿನಲ್ಲಿರುವ ತಮ್ಮನ ಬಗ್ಗೆ ಅಕ್ಕನೊಬ್ಬರ ಪ್ರಶ್ನೆಗೆ ಮನೋವೈದ್ಯರ ಉತ್ತರ

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯವರು, ಈಗ ಪುಣೆಯ ಹಡಪ್ಸರ್‌ನಲ್ಲಿದ್ದೇವೆ. ನನ್ನ ತಮ್ಮನಿಗೆ ಸ್ಕಿಜೋಫ್ರೀನಿಯಾ ಇದೆ ಎಂದು ಧಾರವಾಡದ ಆಸ್ಪತ್ರೆಯಲ್ಲಿ ಹೇಳಿದ್ದರು. ಎರಡು ವರ್ಷ ಗುಳಿಗೆ ತೆಗೆದುಕೊಂಡು ಚೆನ್ನಾಗಿದ್ದ. ಕಟ್ಟಡದ ಕೆಲಸಕ್ಕೆಂದು ಇಲ್ಲಿಗೆ ಬಂದ ಮೇಲೆ ಗುಳಿಗೆ ಬಿಟ್ಟ, ಕುಡಿಯುವುದನ್ನೂ ಕಲಿತ. ಜೊತೆಗಾರನಿಗೆ ಸಲಿಕೆಯಿಂದ ಹೊಡೆದ ಕೇಸಿನಲ್ಲಿ ಮೂರು ತಿಂಗಳಿಂದ ಯರವಡಾ ಜೈಲಿನಲ್ಲಿದ್ದಾನೆ. ಮುಲಾಖಾತಿಗೆ ಹೋದಾಗ ಊಟದಲ್ಲಿ ಏನೋ ಬೆರೆಸುತ್ತಾರೆ ಎನ್ನುತ್ತಾನೆ. ಸೊರಗಿದ್ದಾನೆ, ಮಾತು ಕಡಿಮೆಯಾಗಿದೆ. ವಕೀಲರು ‘ಹುಚ್ಚಿನ ಸರ್ಟಿಫಿಕೇಟು ತನ್ನಿ, ಬಿಡಿಸುತ್ತೇನೆ’ ಎನ್ನುತ್ತಾರೆ. ಹಾಗೆ ಮಾಡಿದರೆ ಜೀವನಪೂರ್ತಿ ಮೆಂಟಲ್ ಆಸ್ಪತ್ರೆಯಲ್ಲೇ ಇಟ್ಟುಬಿಡುತ್ತಾರೆ ಎಂದು ನೆರೆಯವರು ಹೆದರಿಸುತ್ತಿದ್ದಾರೆ. ನಾನೇನು ಮಾಡಲಿ?

ಉತ್ತರ: ನಿಮ್ಮ ವಕೀಲರ ಮಾತೂ ಪೂರ್ತಿ ನಿಜವಲ್ಲ, ನೆರೆಯವರ ಮಾತೂ ಪೂರ್ತಿ ಸುಳ್ಳಲ್ಲ. ಇಬ್ಬರೂ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. ನಿಮ್ಮ ತಮ್ಮನಿಗೆ ಇವತ್ತು ಚಿಕಿತ್ಸೆ ಬೇಕೇ ಎಂಬುದು ಒಂದು; ಇದನ್ನು ವೈದ್ಯರು ಹೇಳಬೇಕು. ತನ್ನ ಮೇಲಿನ ಮೊಕದ್ದಮೆಯನ್ನು ಅರ್ಥಮಾಡಿಕೊಂಡು ವಕೀಲರಿಗೆ ಮಾಹಿತಿ ಕೊಡುವ ಸ್ಥಿತಿಯಲ್ಲಿ ಅವನು ಈಗ ಇದ್ದಾನೆಯೇ ಎಂಬುದು ಇನ್ನೊಂದು; ಇದನ್ನು ವೈದ್ಯರ ವರದಿಯನ್ನು ಮುಂದಿಟ್ಟುಕೊಂಡು ನ್ಯಾಯಾಲಯ ತೀರ್ಮಾನಿಸುತ್ತದೆ. ಸಲಿಕೆ ಎತ್ತಿದ ಆ ಗಳಿಗೆಯಲ್ಲಿ ತಾನು ಮಾಡುತ್ತಿರುವುದು ಏನೆಂದು, ಅದು ತಪ್ಪೆಂದು ತಿಳಿಯುವ ಶಕ್ತಿ ಅವನಿಗಿತ್ತೇ ಎಂಬುದು ಮತ್ತೊಂದು. ಇದು ಸಾಕ್ಷ್ಯಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಉತ್ತರಿಸುವ ಪ್ರಶ್ನೆ. ಮೊದಲನೆಯದಕ್ಕೆ ಉಳಿದೆರಡರ ಹಂಗಿಲ್ಲ. ಸಕ್ಕರೆ ಕಾಯಿಲೆಯವನೊಬ್ಬ ಜೈಲಿಗೆ ಹೋದರೆ ಇನ್ಸುಲಿನ್ ಪಡೆಯುವುದಕ್ಕೆ ತಾನು ನಿರಪರಾಧಿ ಎಂದು ಸಾಬೀತು ಮಾಡಬೇಕಾಗಿಲ್ಲ, ಇದೂ ಹಾಗೆಯೇ. ಚಿಕಿತ್ಸೆಯನ್ನು ವಾದದ ದಾಳವಾಗಿ ಬಳಸಲು ಹೊರಟರೆ, ವಾದ ಗೆಲ್ಲುವುದೋ ಇಲ್ಲವೋ ಎಂದು ಕಾಯುತ್ತ ಚಿಕಿತ್ಸೆ ತಡವಾಗುತ್ತದೆ. ನಾನು ಕಂಡಿರುವ ಕುಟುಂಬಗಳಲ್ಲಿ ಅತಿ ಹೆಚ್ಚು ನಷ್ಟವಾಗುವುದು ಇಲ್ಲಿಯೇ.

ಹಾಗಾಗಿ ಈ ವಾರವೇ ಆಗಬೇಕಾದ ಕೆಲಸದಿಂದ ಶುರುಮಾಡುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಊಟದ ಸಂಗತಿ. ಅನ್ನದಲ್ಲಿ ವಿಷ ಬೆರೆಸಿದ್ದಾರೆ ಎಂಬ ದೃಢ ನಂಬಿಕೆಯಿಂದ ಊಟ ಬಿಟ್ಟವನನ್ನು ಹೊರಗಿನ ಆಸ್ಪತ್ರೆಯಲ್ಲಾದರೆ ತುರ್ತು ರೋಗಿ ಎಂದೇ ಪರಿಗಣಿಸುತ್ತೇವೆ. ಬರಾಕಿನಲ್ಲಿ ಅದೇ ಮನುಷ್ಯ ಮೂಲೆ ಹಿಡಿದು ಕುಳಿತ ಶಾಂತ ಕೈದಿಯಾಗಿ ಕಾಣುತ್ತಾನೆ, ಏಕೆಂದರೆ ಅವನು ಯಾರಿಗೂ ತೊಂದರೆ ಕೊಡುವುದಿಲ್ಲ. ಕೂಗಾಡುವವನು ಬೇಗ ವೈದ್ಯರ ಕಣ್ಣಿಗೆ ಬೀಳುತ್ತಾನೆ, ಮೌನಿ ಬೀಳುವುದಿಲ್ಲ. ಮಾತು ಕಡಿಮೆಯಾಗುತ್ತ ಬಂದು, ಕೂತಲ್ಲೇ ಗಂಟೆಗಟ್ಟಲೆ ಕೂರುವುದು, ಕರೆದರೂ ತಿರುಗಿ ನೋಡದಿರುವುದು, ನೀರನ್ನೂ ನಿರಾಕರಿಸುವುದು ಕಂಡರೆ ಅದು ಕೆಟಟೋನಿಯಾ ಎಂಬ ಸ್ಥಿತಿಯಾಗಿರಬಹುದು. ಲೊರಾಜೆಪಾಮ್‌ನಂತಹ ಸಾಮಾನ್ಯ ಔಷಧಿಗೆ ಅದು ಬಹಳ ಸಲ ಚೆನ್ನಾಗಿ ಸ್ಪಂದಿಸುತ್ತದೆ. ಹಾಗೆಯೇ ಬಿಟ್ಟರೆ ಪ್ರಾಣಕ್ಕೆ ಎರವಾಗುತ್ತದೆ.

ಈ ವಿಷಯದಲ್ಲಿ ಕಾನೂನು ನಿಮ್ಮ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಪ್ರತಿಯೊಬ್ಬರಿಗೂ ಸರ್ಕಾರದ ವೆಚ್ಚದಲ್ಲಿ ನಡೆಯುವ ಮಾನಸಿಕ ಆರೋಗ್ಯ ಸೇವೆಯ ಹಕ್ಕನ್ನು ಕೊಡುತ್ತದೆ. ಕೈದಿಯನ್ನು ಅದರಿಂದ ಹೊರಗಿಟ್ಟಿಲ್ಲ. 103ನೇ ಕಲಂ ಕೈದಿಗಳಿಗೆಂದೇ ಇದೆ. ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮನೋವೈದ್ಯಕೀಯ ವಾರ್ಡ್ ಇದ್ದರೆ ರೋಗಿಯನ್ನು ಅಲ್ಲಿಗೆ ಕಳುಹಿಸಬೇಕು; ಇಲ್ಲದಿದ್ದರೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ, ಎಂದರೆ ರೋಗಿಗಳ ಹಕ್ಕು ಕಾಯಲು ಇದೇ ಕಾಯ್ದೆಯಡಿ ರಚಿಸುವ ಮಂಡಳಿಯ, ಪೂರ್ವಾನುಮತಿ ಪಡೆದು ಹೊರಗಿನ ಮಾನಸಿಕ ಆಸ್ಪತ್ರೆಗೆ ವರ್ಗಾಯಿಸಬಹುದು. ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಇಂಥ ಚಿಕಿತ್ಸಾ ಘಟಕವನ್ನು ಸರ್ಕಾರ ಸ್ಥಾಪಿಸಬೇಕು. ತಮ್ಮ ಜೈಲಿನಲ್ಲಿ ಮಾನಸಿಕ ರೋಗಿಗಳಾರೂ ಇಲ್ಲ ಎಂದು ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಂಡಳಿಗೆ ದೃಢೀಕರಣ ಕಳುಹಿಸಬೇಕು. ಈ ಕೊನೆಯ ನಿಯಮದ ಬಗ್ಗೆ ನನಗೆ ತಕರಾರಿದೆ. ಬೆಂಗಳೂರು ಕೇಂದ್ರ ಕಾರಾಗೃಹದ ಸುಮಾರು 5,000 ಕೈದಿಗಳನ್ನು ನಿಮ್ಹಾನ್ಸ್ ತಂಡ ಪರೀಕ್ಷಿಸಿದಾಗ, ಮದ್ಯ ಮತ್ತು ಮಾದಕ ವ್ಯಸನವನ್ನು ಲೆಕ್ಕದಿಂದ ತೆಗೆದ ಮೇಲೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಕಂಡುಬಂದಿತ್ತು. ಹೀಗಿರುವಾಗ ‘ಯಾರೂ ಇಲ್ಲ’ ಎಂದು ಬರೆದುಕೊಡಬೇಕೆನ್ನುವ ನಮೂನೆ ರೋಗಿಯನ್ನು ಹುಡುಕುವುದಕ್ಕಿಂತ ಮುಚ್ಚಿಡುವುದಕ್ಕೇ ಹೆಚ್ಚು ಅನುಕೂಲವಾಗಿದೆ. ಆದರೆ ಅದೇ ಕಲಂ, ರೋಗಿಯಿದ್ದೂ ಏಕೆ ವರ್ಗಾಯಿಸಿಲ್ಲ ಎಂದು ಜೈಲಿನ ವೈದ್ಯಾಧಿಕಾರಿಯನ್ನು ಕೇಳುವ ಅಧಿಕಾರವನ್ನೂ ಮಂಡಳಿಗೆ ಕೊಟ್ಟಿದೆ. ನಿಮ್ಮ ಅರ್ಜಿಯ ಪ್ರತಿಯೊಂದು ಮಂಡಳಿಯ ಕೈಯಲ್ಲಿದ್ದರೆ ಆ ಪ್ರಶ್ನೆ ಹುಟ್ಟುತ್ತದೆ.

ಅರ್ಜಿಯನ್ನು ಜೈಲಿನ ಸೂಪರಿಂಟೆಂಡೆಂಟರಿಗೂ ಅಲ್ಲಿನ ಮುಖ್ಯ ವೈದ್ಯಾಧಿಕಾರಿಗೂ ಬರೆಯಿರಿ. ಅದರ ಪ್ರತಿಯನ್ನು ಮಂಡಳಿಗೂ, ಶಿವಾಜಿನಗರ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಕೊಡಿ. ಇದೇ ಸಂಗತಿಯನ್ನು ವಕೀಲರ ಮೂಲಕ ಪ್ರತ್ಯೇಕ ಅರ್ಜಿಯಾಗಿ ನ್ಯಾಯಾಲಯಕ್ಕೂ ಸಲ್ಲಿಸಿ, ಏಕೆಂದರೆ ನ್ಯಾಯಾಲಯದ ಆದೇಶವಿದ್ದರೆ ಸಸೂನ್ ಆಸ್ಪತ್ರೆಗೋ ಯರವಡಾದ ಪ್ರಾದೇಶಿಕ ಮನೋರುಗ್ಣಾಲಯಕ್ಕೋ ಕರೆದೊಯ್ಯಲು ಪೊಲೀಸ್ ಎಸ್ಕಾರ್ಟ್ ಸಿಗುವುದು ಸ್ವಲ್ಪ ಸುಲಭವಾಗುತ್ತದೆ. ಜೈಲೂ ಆಸ್ಪತ್ರೆಯೂ ಎರಡೂ ಯರವಡಾದಲ್ಲೇ ಇದ್ದರೂ ಕಾಗದ ಮತ್ತು ಎಸ್ಕಾರ್ಟ್ ಇಲ್ಲದೆ ಆ ದಾರಿ ಸಾಗುವುದಿಲ್ಲ. ಅರ್ಜಿ ಮರಾಠಿಯಲ್ಲಿದ್ದರೆ ಬೇಗ ಓದುತ್ತಾರೆ. ಚೆನ್ನಾಗಿ ಮರಾಠಿ ಬರೆಯಬಲ್ಲ ಕನ್ನಡಿಗರಿಗೆ ಪುಣೆಯಲ್ಲಿ ಬರವಿಲ್ಲ, ಒಬ್ಬರ ನೆರವು ಕೇಳಿ. ಖುದ್ದಾಗಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಇನ್ವರ್ಡ್ ನಂಬರು ಮತ್ತು ಮೊಹರು ಹಾಕಿಸಿಕೊಳ್ಳಿ. ಇಲ್ಲವಾದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಒಳಗೆ ಏನು ಬರೆಯಬೇಕೆಂಬುದು ಇದಕ್ಕಿಂತ ಮುಖ್ಯ. ‘ನನ್ನ ತಮ್ಮ ಹುಚ್ಚ’ ಎಂಬ ಸಾಲು ಬೇಡ. ಧಾರವಾಡದಲ್ಲಿ ಕೊಟ್ಟ ರೋಗನಿರ್ಣಯ, ಔಷಧಿಯ ಹೆಸರು ಮತ್ತು ಪ್ರಮಾಣ, ಕೊನೆಯ ಸಲ ತೆಗೆದುಕೊಂಡ ಸುಮಾರು ದಿನ, ಮುಲಾಖಾತಿನಲ್ಲಿ ನೀವು ಕಣ್ಣಾರೆ ಕಂಡದ್ದು, ಊಟ ಬಿಟ್ಟಿರುವುದು, ಹಿಂದೆಂದಾದರೂ ಜೀವ ತೆಗೆದುಕೊಳ್ಳಲು ಯತ್ನಿಸಿದ್ದರೆ ಅದು, ಇಷ್ಟೂ ಇರಲಿ. ಧಾರವಾಡದ ಕೇಸ್ ಪೇಪರುಗಳು ಕಳೆದಿದ್ದರೆ ಮತ್ತೆ ಕೇಳಿ ಪಡೆಯಬಹುದು. ತನ್ನ ವೈದ್ಯಕೀಯ ದಾಖಲೆಗಳನ್ನು ಪಡೆಯುವುದು ಅದೇ ಕಾಯ್ದೆಯ 25ನೇ ಕಲಂ ಪ್ರಕಾರ ರೋಗಿಯ ಹಕ್ಕು.

ಗುಳಿಗೆಗಳನ್ನು ನೀವೇ ಒಯ್ದು ಯಾರದಾದರೂ ಕೈಯಲ್ಲಿ ಒಳಗೆ ಕಳುಹಿಸಲು ದಯವಿಟ್ಟು ಹೋಗಬೇಡಿ. ಜೈಲಿನೊಳಗೆ ನಿದ್ರೆಯ ಗುಳಿಗೆಗೂ ಬೆಲೆಯಿದೆ. ನಿಮ್ಮ ತಮ್ಮನಿಂದ ಅದನ್ನು ಕಿತ್ತುಕೊಳ್ಳುವವರೂ ಇರುತ್ತಾರೆ, ಸಿಕ್ಕಿಬಿದ್ದರೆ ಇನ್ನೊಂದು ತಂಟೆ ಅವನ ಹೆಗಲೇರುತ್ತದೆ. ಔಷಧಿ ವೈದ್ಯಾಧಿಕಾರಿಯ ಮೂಲಕವೇ ಹೋಗಬೇಕು. ಈ ಕಾರಣಕ್ಕೇ, ವೈದ್ಯರು ಒಪ್ಪಿದರೆ ಮತ್ತು ರೋಗಿಗೆ ಹೊಂದಿದರೆ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ದೀರ್ಘಕಾಲದ ಇಂಜೆಕ್ಷನ್ ಸೆರೆವಾಸದಲ್ಲಿ ಒಳ್ಳೆಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ದಿನಾ ಸಾಲು ನಿಲ್ಲಬೇಕಿಲ್ಲ, ಗುಳಿಗೆಯನ್ನು ನಾಲಿಗೆಯಡಿ ಬಚ್ಚಿಟ್ಟನೇ ಎಂದು ಯಾರೂ ಪರೀಕ್ಷಿಸಬೇಕಿಲ್ಲ, ತಾರೀಖಿಗೆಂದು ನ್ಯಾಯಾಲಯಕ್ಕೆ ಹೋದ ದಿನ ಡೋಸು ತಪ್ಪುವುದೂ ಇಲ್ಲ. ಹಳೆಯ ಚೀಟಿಯಲ್ಲಿ ಎರಡು ಹೆಸರುಗಳಿವೆಯೇ ಎಂದು ವಿಶೇಷವಾಗಿ ನೋಡಿ. ಕ್ಲೊಜಪಿನ್ ಇದ್ದರೆ, ಅದನ್ನು 48 ಗಂಟೆಗಿಂತ ಹೆಚ್ಚು ಬಿಟ್ಟವರಿಗೆ ಹಳೆಯ ಪ್ರಮಾಣವನ್ನು ಒಮ್ಮೆಲೇ ಕೊಡುವುದು ಅಪಾಯಕಾರಿ. ಸಣ್ಣ ಪ್ರಮಾಣದಿಂದ ಮತ್ತೆ ಏರಿಸುತ್ತ ಹೋಗಬೇಕು. ಲಿಥಿಯಂ ಇದ್ದರೆ, ನೀರು ಕುಡಿಯದವನ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಲ್ಲದು, ಕೆಲವು ನೋವಿನ ಗುಳಿಗೆಗಳಿಂದಲೂ ಏರುತ್ತದೆ. ರಕ್ತಪರೀಕ್ಷೆಯ ಏರ್ಪಾಡಿಲ್ಲದೆ ಅದನ್ನು ಮತ್ತೆ ಶುರುಮಾಡಬಾರದು. ಜೈಲಿನ ವೈದ್ಯರಿಗೆ ಇದು ತಿಳಿಯದ ವಿಷಯವಲ್ಲ, ಆದರೆ ಹಳೆಯ ಚೀಟಿ ಅವರ ಮೇಜಿನ ಮೇಲೆ ಇಲ್ಲದಿದ್ದರೆ ತಿಳಿಯುವ ದಾರಿಯೇ ಇರುವುದಿಲ್ಲ.

ಕುಡಿತದ ಬಗ್ಗೆ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ನಿಮ್ಮ ತಮ್ಮನಿಗೆ ಆ ಗಂಡಾಂತರದ ದಿನಗಳು ಕಳೆದಿವೆ, ಆದರೂ ಇದನ್ನು ಓದುವ ಇತರರಿಗಾಗಿ ಹೇಳುತ್ತೇನೆ. ದಿನಾ ಹೆಚ್ಚು ಕುಡಿಯುತ್ತಿದ್ದವನನ್ನು ಬಂಧಿಸಿದಾಗ ಕುಡಿತ ಥಟ್ಟನೆ ನಿಲ್ಲುತ್ತದೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು; ಎರಡರಿಂದ ನಾಲ್ಕನೇ ದಿನದ ನಡುವೆ ಕೈಕಾಲು ನಡುಗಿ, ಬೆವತು, ಇಲ್ಲದ್ದನ್ನು ಕಂಡು ಹೆದರಿ ಕೂಗಾಡುವ ಸ್ಥಿತಿ ಬರಬಹುದು. ಅದು ಸರಿಯಾಗಿ ಪಿಸಿಆರ್ ಅವಧಿ, ಎಂದರೆ ಪೊಲೀಸ್ ಕಸ್ಟಡಿಯ ದಿನಗಳು. ಠಾಣೆಯಲ್ಲಿ ಅದನ್ನು ನಾಟಕವೆಂದೋ ಸೊಕ್ಕೆಂದೋ ತಿಳಿಯುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಸಾವೂ ಸಂಭವಿಸುತ್ತದೆ. ಬಂಧಿತನನ್ನು ವೈದ್ಯರಿಂದ ಪರೀಕ್ಷಿಸಬೇಕೆಂದು ಕಾನೂನಿದೆ. ಕಸ್ಟಡಿಯಲ್ಲಿರುವಷ್ಟು ಕಾಲ 48 ಗಂಟೆಗೊಮ್ಮೆ ಪರೀಕ್ಷೆಯಾಗಬೇಕೆಂದು ಡಿ. ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪರೀಕ್ಷೆಯ ಹೊತ್ತಿನಲ್ಲಿ ಮನೆಯವರಾರಾದರೂ ‘ಇವನು ದಿನಾ ಇಷ್ಟು ಕುಡಿಯುತ್ತಿದ್ದ, ಕೊನೆಯ ಸಲ ಕುಡಿದದ್ದು ಇಂಥ ಹೊತ್ತಿನಲ್ಲಿ’ ಎಂದು ವೈದ್ಯರಿಗೆ ತಿಳಿಸಿದರೆ ಒಂದು ಜೀವ ಉಳಿಯಬಹುದು.

ಇನ್ನು ಎರಡನೆಯ ಪ್ರಶ್ನೆ, ಮೊಕದ್ದಮೆ ಎದುರಿಸುವ ಸಾಮರ್ಥ್ಯ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367 ಮತ್ತು 368ನೇ ಕಲಂಗಳು ಇದಕ್ಕೆ ಸಂಬಂಧಿಸಿದವು. ಆರೋಪಿಗೆ ಮಾನಸಿಕ ಕಾಯಿಲೆಯಿಂದಾಗಿ ತನ್ನನ್ನು ಸಮರ್ಥಿಸಿಕೊಳ್ಳಲು ಆಗುತ್ತಿಲ್ಲ ಎಂದು ಕಂಡರೆ ನ್ಯಾಯಾಲಯ ಅವನನ್ನು ಪರೀಕ್ಷೆಗೆ ಕಳುಹಿಸುತ್ತದೆ. ಅಸಮರ್ಥನೆಂದು ಕಂಡುಬಂದು, ಮೇಲ್ನೋಟಕ್ಕೆ ಪ್ರಕರಣವೂ ಇದ್ದರೆ, ಚಿಕಿತ್ಸೆಗೆ ಬೇಕಾದ ಅವಧಿಯವರೆಗೆ ವಿಚಾರಣೆಯನ್ನು ಮುಂದೂಡುತ್ತದೆ. ಮನೋವೈದ್ಯರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಸರ್ಕಾರಿ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜಿನ ಮನೋವೈದ್ಯರಿರುವ ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಹೋಗಬಹುದು. ಪರೀಕ್ಷೆಯಲ್ಲಿ ನಾವು ನೋಡುವುದು ಬಹಳ ಸರಳ ಸಂಗತಿಗಳನ್ನು. ತನ್ನ ಮೇಲೆ ಏನು ಆರೋಪವಿದೆ, ನ್ಯಾಯಾಧೀಶರು ಯಾರು, ತನ್ನ ವಕೀಲರು ಯಾರು, ಎದುರು ಪಕ್ಷದವರು ಯಾರು, ಶಿಕ್ಷೆಯಾದರೆ ಏನಾಗುತ್ತದೆ, ಅಂದು ನಡೆದದ್ದನ್ನು ವಕೀಲರಿಗೆ ಕ್ರಮವಾಗಿ ಹೇಳಬಲ್ಲನೇ, ಇಷ್ಟೇ.

ಇಲ್ಲಿ ಕನ್ನಡಿಗರಾದ ನೀವು ಒಂದು ಬೇಡಿಕೆಯನ್ನು ಪಟ್ಟುಹಿಡಿದು ಮಂಡಿಸಬೇಕು. ಪರೀಕ್ಷೆ ಕನ್ನಡದಲ್ಲಿ ನಡೆಯಬೇಕು, ಅಥವಾ ಕನ್ನಡ ಬಲ್ಲ ದುಭಾಷಿ ಜೊತೆಗಿರಬೇಕು. ಅದನ್ನು ಅರ್ಜಿಯಲ್ಲೇ ಬರೆಯಿರಿ. ಇದು ಭಾಷಾಭಿಮಾನದ ಮಾತಲ್ಲ, ರೋಗನಿರ್ಣಯದ ಮಾತು. ಮನಸ್ಸಿನ ಪರೀಕ್ಷೆಯಲ್ಲಿ ಆಲೋಚನೆಯ ಆಳವನ್ನು ಅಳೆಯಲು ಗಾದೆಯ ಅರ್ಥ ಕೇಳುವ ರೂಢಿಯಿದೆ. ವಿಜಯಪುರದ ಕಡೆಯ ಕೂಲಿಯಾಳಿಗೆ ಮರಾಠಿ ಗಾದೆಯೊಂದನ್ನು ಹೇಳಿ ಅರ್ಥ ಕೇಳಿದರೆ ಅವನು ಸುಮ್ಮನೆ ಕುಳಿತಾನು. ‘ಅಮೂರ್ತ ಆಲೋಚನೆ ಕುಂಠಿತ’ ಎಂದು ವರದಿಯಾದೀತು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಕೇಳಿದ್ದರೆ ಅವನೇ ನಾಲ್ಕು ಮಾತು ಹೇಳುತ್ತಿದ್ದ. ಇದಕ್ಕೆ ವಿರುದ್ಧವಾದ ಎಡವಟ್ಟು ಇನ್ನೂ ಕೆಟ್ಟದ್ದು. ಅರೆಬರೆ ಹಿಂದಿಯಲ್ಲಿ ‘ಹಾಂ, ಠೀಕ್ ಹೈ’ ಎಂದು ಉತ್ತರಿಸುವವನು ಸಮರ್ಥನೆಂದು ದಾಖಲಾಗುತ್ತಾನೆ, ಅವನ ಸಂಶಯ ಮತ್ತು ಕೇಳುವ ಧ್ವನಿಗಳೆಲ್ಲ ಕನ್ನಡದಲ್ಲೇ ಒಳಗುಳಿಯುತ್ತವೆ.

ನಟನೆ ಮಾಡುತ್ತಿದ್ದಾನೆ ಎಂಬ ಆಕ್ಷೇಪ ಬಂದೇ ಬರುತ್ತದೆ, ಮತ್ತು ಅದು ಯಾವಾಗಲೂ ಅನ್ಯಾಯದ ಆಕ್ಷೇಪವೇನಲ್ಲ. ಬಿಡುಗಡೆಗಾಗಿ ರೋಗ ನಟಿಸುವವರು ಇದ್ದಾರೆ. ಆದರೆ ಹತ್ತು ನಿಮಿಷದ ಹೊರರೋಗಿ ಭೇಟಿಯಲ್ಲಿ ಅದನ್ನು ತೀರ್ಮಾನಿಸಲಾಗದು. ಒಳರೋಗಿಯಾಗಿ ಇರಿಸಿಕೊಂಡು, ರಾತ್ರಿ ನಿದ್ರೆ, ಊಟ, ಯಾರೂ ನೋಡದಿರುವಾಗಿನ ನಡವಳಿಕೆ ಇವನ್ನೆಲ್ಲ ಶುಶ್ರೂಷಕರು ದಿನಗಟ್ಟಲೆ ಬರೆದಿಟ್ಟರೆ ನಟನೆ ನಿಲ್ಲುವುದು ಕಷ್ಟ. ವೈದ್ಯಕೀಯ ದಾಖಲೆಯನ್ನು ಎದುರು ಪಕ್ಷ ಪ್ರಶ್ನಿಸಿದರೆ ನ್ಯಾಯಾಲಯವು ವಿಷಯವನ್ನು ಪುನರ್ವಿಮರ್ಶಾ ಮಂಡಳಿಯ ಪರಿಶೀಲನೆಗೆ ಕಳುಹಿಸಬೇಕೆಂದು 2017ರ ಕಾಯ್ದೆಯ 105ನೇ ಕಲಂ ಹೇಳುತ್ತದೆ. ಅಂಥ ವೀಕ್ಷಣೆಗೆ ಹೆದರಬೇಡಿ, ನೀವೇ ಕೇಳಿ ಪಡೆಯಿರಿ. ನಿಮ್ಮ ತಮ್ಮನಿಗೆ ಎರಡು ವರ್ಷದ ಚಿಕಿತ್ಸಾ ಇತಿಹಾಸವಿದೆ.

ವಕೀಲರು ಹೇಳುವ ‘ಸರ್ಟಿಫಿಕೇಟು ಕೊಟ್ಟರೆ ಬಿಡುಗಡೆ’ ಮೂರನೆಯ ಪ್ರಶ್ನೆಗೆ ಸೇರಿದ್ದು, ಅಷ್ಟು ಸಲೀಸಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಹಳೆಯ ದಂಡ ಸಂಹಿತೆಯ 84ನೆಯದು, ರೋಗವಿದ್ದ ಮಾತ್ರಕ್ಕೆ ಯಾರನ್ನೂ ದೋಷಮುಕ್ತಗೊಳಿಸುವುದಿಲ್ಲ. ಸ್ಕಿಜೋಫ್ರೀನಿಯಾ ಇರುವವನೊಬ್ಬ ಬರೀ ಸಿಟ್ಟಿನಿಂದಲೂ ಹೊಡೆದಿರಬಹುದು. ಅದೇ ಗಳಿಗೆಯಲ್ಲಿ ಅರಿವು ಇರಲಿಲ್ಲ ಎಂಬುದನ್ನು ಆರೋಪಿಯ ಪಕ್ಷವೇ ತೋರಿಸಬೇಕು. ಆದರೆ ಅದು ಸಂಶಯಾತೀತವಾಗಿ ಇರಬೇಕಿಲ್ಲ, ಸಂಭವನೀಯತೆ ಹೆಚ್ಚು ಎಂದು ತೋರಿಸಿದರೆ ಸಾಕು ಎಂಬುದು 1964ರ ದಹ್ಯಾಭಾಯಿ ಠಕ್ಕರ್ ಪ್ರಕರಣದಿಂದ ಬಂದ ನಿಲುವು. ಘಟನೆಗೆ ಮುಂಚಿನ, ಘಟನೆಯ ಹೊತ್ತಿನ ಮತ್ತು ಅನಂತರದ ಸಂಗತಿಗಳಿಂದ ಮನಸ್ಥಿತಿಯನ್ನು ಊಹಿಸಬೇಕೆಂದೂ ಅದರಲ್ಲಿ ಹೇಳಿದೆ. ಹಾಗಾಗಿ ಇವತ್ತು ಯಾರಾದರೂ ಬರೆದುಕೊಡುವ ಒಂದು ಸಾಲಿನ ಸರ್ಟಿಫಿಕೇಟಿಗಿಂತ, ಘಟನೆಗೆ ಮುಂಚಿನ ವಾರಗಳಲ್ಲಿ ಅವನು ರಾತ್ರಿ ನಿದ್ದೆ ಮಾಡುತ್ತಿದ್ದನೇ, ಒಬ್ಬನೇ ಮಾತಾಡುತ್ತಿದ್ದನೇ, ಆ ಜೊತೆಗಾರನ ಬಗ್ಗೆ ಏನಾದರೂ ವಿಚಿತ್ರ ಸಂಶಯ ಹೇಳಿದ್ದನೇ, ಹೊಡೆದ ಮೇಲೆ ಓಡಿದನೇ ಅಥವಾ ಅಲ್ಲೇ ನಿಂತಿದ್ದನೇ ಎಂಬ ವಿವರಗಳಿಗೆ ಬೆಲೆ ಹೆಚ್ಚು. ನೆನಪು ಹಸಿಯಾಗಿರುವಾಗಲೇ ಬರೆದಿಡಿ. ಒಂದನ್ನೂ ಹೆಚ್ಚಿಸಬೇಡಿ, ಮತ್ತು ಆ ಬರಹವನ್ನು ವಕೀಲರಿಗೆ ಮಾತ್ರ ಕೊಡಿ. ರೋಗದ ಕಥೆ ಜೈಲಿನ ವೈದ್ಯರಿಗೆ, ಘಟನೆಯ ಕಥೆ ವಕೀಲರಿಗೆ ಎಂದು ಮನೆಯವರೆಲ್ಲರೂ ಪಾಲು ಮಾಡಿಕೊಂಡರೆ ಒಳ್ಳೆಯದು.

ನೆರೆಯವರ ಹೆದರಿಕೆಗೆ ಹಿಂದೆ ಕಾರಣವಿತ್ತು. ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬ ವ್ಯಕ್ತಿಯನ್ನು 1951ರಲ್ಲಿ ಬಂಧಿಸಿ ಮಾನಸಿಕ ಆಸ್ಪತ್ರೆಗೆ ಕಳುಹಿಸಿದರು. ಗುಣವಾದನೆಂದು ವೈದ್ಯರು ಹೇಳಿದ ಮೇಲೂ ಅವನು ವಿಚಾರಣೆಯಿಲ್ಲದೆ ಸೆರೆಯಲ್ಲೇ ಉಳಿದು, ಹೊರಬಂದದ್ದು 2005ರಲ್ಲಿ. ಇಂದು ಆಸ್ಪತ್ರೆಗೆ ಕಳುಹಿಸಿದ ಕೈದಿಯ ಸ್ಥಿತಿಯ ಬಗ್ಗೆ ಅಲ್ಲಿನ ವೈದ್ಯಾಧಿಕಾರಿ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕೆಂಬ ನಿಯಮವಿದೆ. ಆದರೂ ಕೇಳುವವರಿಲ್ಲದ ಫೈಲು ಎಲ್ಲಿಯಾದರೂ ಧೂಳು ಹಿಡಿಯುತ್ತದೆ; ನಿಮ್ಮ ತಮ್ಮನನ್ನು ಕೇಳಲು ನೀವಿದ್ದೀರಿ, ಆ ವರದಿಗಳ ಪ್ರತಿ ನ್ಯಾಯಾಲಯಕ್ಕೆ ಬಂದಿದೆಯೇ ಎಂದು ವಿಚಾರಿಸುತ್ತಿರಿ. ಮಾನಸಿಕ ಕಾಯಿಲೆಯಿದೆ ಎಂಬ ಒಂದೇ ಕಾರಣಕ್ಕೆ ಒಬ್ಬನನ್ನು ಅಸ್ವಸ್ಥಚಿತ್ತನೆಂದು ಭಾವಿಸಬಾರದು, ನ್ಯಾಯಾಲಯ ಹಾಗೆ ಘೋಷಿಸಬೇಕು ಎಂದೂ 2017ರ ಕಾಯ್ದೆ ಸ್ಪಷ್ಟಪಡಿಸಿದೆ.

ನಿಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರಬಹುದಾದದ್ದು ಸುರಕ್ಷಾ ಸಂಹಿತೆಯ 369ನೇ ಕಲಂ. ಮೊಕದ್ದಮೆ ಎದುರಿಸಲು ಅಸಮರ್ಥನೆಂದು ಕಂಡುಬಂದವನಿಗೆ ಒಳರೋಗಿ ಚಿಕಿತ್ಸೆ ಬೇಕಿಲ್ಲವಾದರೆ, ಮತ್ತು ಬಂಧುವೊಬ್ಬರು ಹತ್ತಿರದ ಆಸ್ಪತ್ರೆಯಲ್ಲಿ ನಿಯಮಿತವಾಗಿ ಚಿಕಿತ್ಸೆ ಕೊಡಿಸುತ್ತೇವೆ, ಅವನಿಂದ ಅವನಿಗಾಗಲಿ ಇತರರಿಗಾಗಲಿ ಹಾನಿಯಾಗದಂತೆ ನೋಡಿಕೊಳ್ಳುತ್ತೇವೆ ಎಂದು ಮುಚ್ಚಳಿಕೆ ಬರೆದುಕೊಟ್ಟರೆ, ಅಪರಾಧ ಜಾಮೀನು ಕೊಡಬಹುದಾದದ್ದೋ ಅಲ್ಲವೋ ಎಂಬುದನ್ನು ನೋಡದೆ ಜಾಮೀನಿನ ಮೇಲೆ ಬಿಡಲು ಅದರಲ್ಲಿ ಅವಕಾಶವಿದೆ. ಆ ಬಂಧು ನೀವೇ ಆಗಬೇಕಾಗುತ್ತದೆ. ಸಹಿ ಹಾಕುವ ಮುಂಚೆ ನಿಮ್ಮಿಂದ ಸಾಧ್ಯವೇ ಎಂದು ನಿಜವಾಗಿ ಯೋಚಿಸಿ, ಏಕೆಂದರೆ ಹಡಪ್ಸರ್‌ನ ಒಂದು ಕೋಣೆಯ ಮನೆಯಲ್ಲಿ ಅಸ್ವಸ್ಥ ತಮ್ಮನನ್ನು ದಿನವಿಡೀ ನೋಡಿಕೊಳ್ಳುವುದು ಕಾಗದದ ಮೇಲೆ ಕಾಣುವಷ್ಟು ಹಗುರವಲ್ಲ. ಈಗಲೇ ಆಗದು ಅನ್ನಿಸಿದರೆ ಮೊದಲು ಆಸ್ಪತ್ರೆಯಲ್ಲಿ ಸ್ವಲ್ಪ ಕಾಲ ಇರಿಸಿ ಆಮೇಲೆ ಕೇಳುವುದೂ ಸರಿಯಾದ ದಾರಿಯೇ. ಇದಲ್ಲದೆ, ಮೂರು ತಿಂಗಳಾಗಿದೆ ಎಂದಿರಿ. ಚಾರ್ಜ್‌ಶೀಟ್ ಸಲ್ಲಿಕೆಯಾಗಿದೆಯೇ ಎಂದು ನಾಳೆಯೇ ವಕೀಲರನ್ನು ಕೇಳಿ. ಆರೋಪದ ಗಾತ್ರಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ಅದು ಸಲ್ಲಿಕೆಯಾಗದಿದ್ದರೆ ಜಾಮೀನು ಹಕ್ಕಾಗುತ್ತದೆ, ಆದರೆ ಸಲ್ಲಿಕೆಯಾಗುವ ಮುಂಚೆ ಕೇಳಬೇಕು.

ವಕೀಲರ ವೆಚ್ಚ ಭಾರವಾಗಿದ್ದರೆ, ಅಥವಾ ಅವರು ಸರ್ಟಿಫಿಕೇಟಿನಾಚೆ ಏನನ್ನೂ ಮಾತಾಡದಿದ್ದರೆ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. ಸೆರೆಯಲ್ಲಿರುವವರಿಗೆ ಆದಾಯದ ಮಿತಿಯಿಲ್ಲ. ಸಹಾಯವಾಣಿ 15100. ಸ್ಥಳೀಯ ಜಾಮೀನುದಾರ ಸಿಗದೆ ಆದೇಶವಾದ ಮೇಲೂ ಒಳಗೇ ಉಳಿಯುವ ವಲಸಿಗರು ಬಹಳ. ಆದೇಶವಾಗಿ ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಸೂಪರಿಂಟೆಂಡೆಂಟರು ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ.

ಮುಂದಿನ ಮುಲಾಖಾತಿನಲ್ಲಿ ಊಟದಲ್ಲಿ ವಿಷವಿಲ್ಲ ಎಂದು ವಾದಿಸಬೇಡಿ, ಇದೆ ಎಂದು ಒಪ್ಪಲೂ ಬೇಡಿ. ‘ನಿನಗೆ ಹೆದರಿಕೆಯಾಗುತ್ತಿದೆ ಅಂತ ಗೊತ್ತು, ಡಾಕ್ಟರಿಗೆ ಹೇಳಿದ್ದೇನೆ’ ಎಂದಷ್ಟೇ ಹೇಳಿ. ಕ್ಯಾಂಟೀನಿನಿಂದ ಸೀಲು ಮಾಡಿದ ಬಿಸ್ಕಿಟು ಅಥವಾ ಹಣ್ಣು ಸಿಗುವುದಾದರೆ ಅವನು ತಿಂದಾನು, ಏಕೆಂದರೆ ಬೆರಕೆಯ ಸಂಶಯ ಅಲ್ಲಿ ಕಡಿಮೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸೆರೆಗೆ ಬಂದ ಮೊದಲ ದಿನಗಳು, ಜಾಮೀನು ತಿರಸ್ಕಾರವಾದ ದಿನ, ಬರುತ್ತೇನೆಂದವರು ಮುಲಾಖಾತಿಗೆ ಬಾರದ ದಿನ, ಇವು ಹೆಚ್ಚು ಅಪಾಯದ ಹೊತ್ತುಗಳು. ಹೌದು ಎಂದರೆ ಅಲ್ಲಿಂದಲೇ ಜೈಲಿನ ವೈದ್ಯಾಧಿಕಾರಿಗೆ ಬರಹದಲ್ಲಿ ತಿಳಿಸಿ ಹೊರಬನ್ನಿ. ನಿಮ್ಮ ಸ್ವಂತ ನಿದ್ದೆಗೆಟ್ಟಿದ್ದರೆ 14416ಕ್ಕೆ, ಟೆಲಿ ಮಾನಸ್‌ಗೆ, ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಜಾಮೀನಿನ ಷರತ್ತುಗಳ ಬಗ್ಗೆ ಈಗಿನಿಂದಲೇ ಎಚ್ಚರವಿರಲಿ. ಪ್ರತಿವಾರ ಪುಣೆಯ ಠಾಣೆಗೆ ಹಾಜರಾಗಬೇಕು, ಜಿಲ್ಲೆ ಬಿಟ್ಟು ಹೋಗಬಾರದು ಎಂಬ ಸಾಮಾನ್ಯ ಷರತ್ತು ಬಿದ್ದರೆ, ಊರಿಗೆ ಕರೆದೊಯ್ದು ತಂದೆತಾಯಿಯ ಜೊತೆ ಇರಿಸಿ ಧಾರವಾಡದಲ್ಲಿ ಚಿಕಿತ್ಸೆ ಮುಂದುವರಿಸುವ ದಾರಿ ಮುಚ್ಚುತ್ತದೆ. ಕರ್ನಾಟಕದ ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ಯಾವ ಆಸ್ಪತ್ರೆ, ಯಾರ ಮನೆ, ಯಾರು ಕರೆತರುವವರು ಎಂಬುದನ್ನೆಲ್ಲ ಜಾಮೀನು ಅರ್ಜಿಯಲ್ಲೇ ಬರೆದು, ಹಾಜರಿಯನ್ನು ಊರಿನ ಠಾಣೆಗೆ ಬದಲಿಸಲು ಅಥವಾ ವಿಚಾರಣೆಯ ತಾರೀಖುಗಳಿಗೆ ಸೀಮಿತಗೊಳಿಸಲು ಕೇಳಿ. ಬಿಡುಗಡೆಯ ದಿನ ಜೈಲಿನ ವೈದ್ಯಕೀಯ ಕಾಗದ ಮತ್ತು ಕೊನೆಯ ಇಂಜೆಕ್ಷನ್ ಕೊಟ್ಟ ತಾರೀಖನ್ನು ಪಡೆಯದೆ ಗೇಟು ಬಿಡಬೇಡಿ. ಮುಂದಿನ ಡೋಸಿನ ದಿನ ಅದರಿಂದಲೇ ತಿಳಿಯುವುದು.